ಚಪ್ಪಲಿ ಜಾರಿದ್ದು ಗೊತ್ತಾಗದ ಕಾಲು

ತೋಟದಿಂದ ಬಂದ ಮಾವ ಜಗಲಿಯ ಮೇಲೆ ಕೂತು ನೀರು ಕೇಳಿದರು. ಬಲಗಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು, ಹರಡಿನವರೆಗೂ ಕೆಸರು.

“ಮಾವ, ಇನ್ನೊಂದು ಚಪ್ಪಲಿ ಎಲ್ಲಿ?”

“ಕಾಲಲ್ಲೇ ಇದೆಯಲ್ಲೋ,” ಅಂದರು. ಆಮೇಲೆ ಬಗ್ಗಿ ನೋಡಿಕೊಂಡರು.

ಚಪ್ಪಲಿ ಸಿಕ್ಕಿದ್ದು ಅರ್ಧ ಫರ್ಲಾಂಗ್ ಆಚೆ, ತೆಂಗಿನ ಸಾಲಿನ ನಡುವಿನ ಕಾಲುವೆಯ ಕೆಸರಲ್ಲಿ. ಅಲ್ಲಿಂದ ಮನೆಯವರೆಗೆ ಕಲ್ಲು, ಗರಿಯ ಚೂರು, ಜಾಲಿಮುಳ್ಳು ಎಲ್ಲವನ್ನೂ ಬರಿಗಾಲಲ್ಲಿ ತುಳಿದುಕೊಂಡು ಬಂದಿದ್ದರು. ವಯಸ್ಸಾಯ್ತು, ಮರೆವು ಅಂತ ನಾವೆಲ್ಲ ನಕ್ಕೆವು. ಅವರಿಗೆ ಶುಗರ್ ಬಂದು ಆಗಲೇ ಹದಿನಾಲ್ಕು ವರ್ಷ. ಚಪ್ಪಲಿ ಕಾಲಿನಿಂದ ಜಾರಿಹೋದದ್ದು ಗೊತ್ತಾಗದಿರುವುದು ಪಾದದ ನರ ಸತ್ತಿದೆ ಎಂಬುದಕ್ಕೆ ವೈದ್ಯರು ಕೇಳಿ ತಿಳಿಯುವ ಲಕ್ಷಣಗಳಲ್ಲೊಂದು ಎಂದು ನಮಗೆ ತಿಳಿದದ್ದು ಎರಡು ತಿಂಗಳ ನಂತರ, ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಒಂದು ಬೆರಳು ಹೋಗಿತ್ತು.

ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ದೊಡ್ಡ ಅಧ್ಯಯನವೊಂದು 2023ರಲ್ಲಿ ಅಂದಾಜು ಕೊಟ್ಟಿತು. ಈ ಕಾಯಿಲೆ ಇರುವವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಕಾಲಿನಲ್ಲಿ ಹುಣ್ಣಾಗುವ ಸಂಭವ ನೂರಕ್ಕೆ 19ರಿಂದ 34 ಎಂದು ವೈದ್ಯರ ಲೆಕ್ಕ. ಶುಗರ್‌ನಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನಕ್ಕೆ ಎಲ್ಲ ಶುರುವಾದದ್ದು ಒಂದು ಸಣ್ಣ ಹುಣ್ಣಿನಿಂದ. ಆ ಹುಣ್ಣಿನ ಹಂತದಲ್ಲಿ ಹಿಡಿದಿದ್ದರೆ ಬಹಳಷ್ಟು ಕಾಲುಗಳು ಉಳಿಯುತ್ತಿದ್ದವು.

ಆದರೆ ಹುಣ್ಣು ಕಂಡಕೂಡಲೇ ನಮ್ಮೆಲ್ಲರ ಬಾಯಲ್ಲಿ ಬರುವ ಮೊದಲ ಪ್ರಶ್ನೆ “ಯಾವ ಮುಲಾಮು ಹಚ್ಚಬೇಕು?” ಮಾವನ ಕಾಲಿನ ಜೊತೆ ಆರು ತಿಂಗಳು ಓಡಾಡಿದ ಮೇಲೆ ನನಗೆ ಅನ್ನಿಸಿದ್ದು, ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಈ ಹುಣ್ಣಿನ ಮೇಲೆ ಎಷ್ಟು ಭಾರ ಬೀಳುತ್ತಿದೆ, ಅಲ್ಲಿಗೆ ರಕ್ತ ಬರುತ್ತಿದೆಯೇ, ಒಳಗೆ ಕೀವು ಇದೆಯೇ ಎಂಬುದನ್ನು ಮೊದಲು ಕೇಳಬೇಕು.

ನೋವು ಇಲ್ಲದ ಕಾಲು

ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಉದ್ದವಾದ ನರಗಳು ಮೊದಲು ಕೆಡುತ್ತವೆ. ದೇಹದಲ್ಲಿ ಅತಿ ಉದ್ದದ ನರಗಳು ಸೊಂಟದಿಂದ ಕಾಲ್ಬೆರಳವರೆಗೆ ಹೋಗುವಂಥವು. ಹಾಗಾಗಿ ಕೇಡು ಬೆರಳ ತುದಿಯಿಂದ ಶುರುವಾಗಿ, ಕಾಲುಚೀಲ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ.

ಕೆಲವರಿಗೆ ಜೋಮು. ಕೆಲವರಿಗೆ ರಾತ್ರಿ ಹೊದಿಕೆ ಒದ್ದು ಹಾಕುವಷ್ಟು ಅಂಗಾಲು ಉರಿ. ಇಲ್ಲಿ ಒಂದು ಮೋಸವಿದೆ. “ಕಾಲು ಉರೀತಿದೆ ಅಂದ್ರೆ ನರ ಚೆನ್ನಾಗೇ ಇದೆ” ಎಂದು ಜನ ನಂಬುತ್ತಾರೆ. ಒಂದೇ ಪಾದದಲ್ಲಿ ಉರಿಯೂ ಇದ್ದು ಮುಳ್ಳು ಚುಚ್ಚಿದ್ದು ತಿಳಿಯದೇ ಇರಬಹುದು. ಔಷಧಿಯೇನೂ ಬದಲಾಗದೆ ಉರಿ ತಾನಾಗಿ ನಿಂತುಹೋದರೆ ಗುಣವಾಯಿತೆಂದು ಹಿಗ್ಗಬೇಡಿ. ಆ ನರ ಪೂರ್ತಿ ಮಲಗಿರಲೂಬಹುದು.

ಸ್ಪರ್ಶದ ನರದ ಜೊತೆಗೆ ಇನ್ನೆರಡು ಬಗೆಯ ನರಗಳೂ ಹೋಗುತ್ತವೆ. ಪಾದದ ಸಣ್ಣ ಸ್ನಾಯುಗಳನ್ನು ಆಡಿಸುವ ನರ ಸೋತರೆ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಚಿಕೊಳ್ಳುತ್ತವೆ. ಬೆರಳ ಬುಡದ ಎಲುಬಿನ ಗುಬುಟುಗಳು ಕೆಳಗೆ ಒತ್ತಿಕೊಳ್ಳುತ್ತವೆ, ಮೈಭಾರವೆಲ್ಲ ಅಷ್ಟು ಜಾಗದ ಮೇಲೆ. ಬೆವರು ತರಿಸುವ ನರ ಸೋತರೆ ಪಾದ ಒಣಗುತ್ತದೆ, ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಒತ್ತಡ ಬಿದ್ದ ಕಡೆ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡು ಚಪ್ಪಲಿಯೊಳಗೆ ಸಿಕ್ಕಿಕೊಂಡ ಬೆಣಚುಕಲ್ಲಿನ ಹಾಗೆ. ಕೆಳಗಿನ ಹಸಿಮಾಂಸವನ್ನು ಹೆಜ್ಜೆ ಹೆಜ್ಜೆಗೂ ಅರೆಯುತ್ತದೆ. ಮೇಲೆ ಗಟ್ಟಿ ಚರ್ಮ, ಅದರಡಿ ರಕ್ತ, ಆಮೇಲೆ ಕೀವು. ಜಡ್ಡಿನ ನಡುವೆ ಕಪ್ಪು ಅಥವಾ ನೇರಳೆ ಬಣ್ಣದ ಚುಕ್ಕೆ ಕಂಡರೆ ಅಡಿಯಲ್ಲಿ ಹುಣ್ಣು ಆಗಲೇ ಆಗಿದೆ ಎಂದೇ ತಿಳಿಯಬೇಕು. ಮಾವನ ಕಾಲಲ್ಲಿ, ಎರಡನೇ ಬೆರಳ ಬುಡದಲ್ಲಿ, ಅಂಥದ್ದೊಂದು ಚುಕ್ಕೆ ಇತ್ತು. ಮುಳ್ಳಿನ ಗುರುತು ಅಂದುಕೊಂಡಿದ್ದೆವು.

ಸ್ಪರ್ಶ ಹೋಗಿದೆಯೇ ಎಂದು ಮನೆಯಲ್ಲೇ ನೋಡುವ ಒಂದು ವಿಧಾನವಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಢಿಗೆ ತಂದದ್ದು, ಊರಿನ ಹೆಸರೇ ಅದಕ್ಕೂ ಇದೆ. ಕಣ್ಣು ಮುಚ್ಚಿಸಿ ಮಲಗಿಸಿ. ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಎರಡೂ ಕಾಲು ಸೇರಿ ಆರು ಬೆರಳು. ಅದರಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ, ವೈದ್ಯರಿಗೆ ತೋರಿಸಬೇಕು. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ, 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಇಟ್ಟು ಮತ್ತೆ ನೋಡುತ್ತಾರೆ. ಮಾವ ಆರರಲ್ಲಿ ಐದು ತಪ್ಪಿದರು. “ಮುಟ್ಟಿದ್ರಾ?” ಎಂದು ಅವರೇ ಕೇಳುತ್ತಿದ್ದರು.

ವೆಲ್ಲೂರಿನಲ್ಲಿ ಕಲಿತ ಪಾಠ

ನೋವು ಇಲ್ಲದಿರುವುದೇ ಕಾಲನ್ನು ತಿನ್ನುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ನಮ್ಮ ಪಕ್ಕದಲ್ಲೇ ಹುಟ್ಟಿತು, ಅದೂ ಬೇರೊಂದು ರೋಗದ ದೆಸೆಯಿಂದ. ಪಾಲ್ ಬ್ರಾಂಡ್ ಮಿಷನರಿ ದಂಪತಿಯ ಮಗ, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ಬಂದವರ ಬೆರಳುಗಳನ್ನು ರೋಗವೇ ಕೊಳೆಸಿ ಉದುರಿಸುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಒಂದೊಂದೇ ಗಾಯದ ಹಿಂದೆ ಬಿದ್ದು ಕಾರಣ ಹುಡುಕಿದರು. ಬಿಸಿ ಪಾತ್ರೆ ಹಿಡಿದ ಸುಟ್ಟಗಾಯ, ಮೊಳೆ ಎದ್ದ ಚಪ್ಪಲಿ, ಗಾಯದ ಮೇಲೆಯೇ ನಡೆದ ನಡಿಗೆ. ಕೆಲವರ ಬೆರಳು ರಾತ್ರೋರಾತ್ರಿ ಕಾಣೆಯಾಗುತ್ತಿತ್ತು. ಮಲಗಿದ್ದಾಗ ಇಲಿ ಕಡಿಯುತ್ತಿತ್ತು, ನೋವಿಲ್ಲದ್ದರಿಂದ ಎಚ್ಚರವಾಗುತ್ತಿರಲಿಲ್ಲ. ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಮದ್ದುಗಳ ಪಟ್ಟಿಯಲ್ಲಿ ಬೆಕ್ಕು ಸೇರಿದ್ದು ಬಹುಶಃ ಅದೇ ಮೊದಲು.

1960ರ ದಶಕದಲ್ಲಿ ಅವರು ಅಮೆರಿಕದ ಲೂಸಿಯಾನದಲ್ಲಿದ್ದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯವರ ಪಾದದಲ್ಲೂ ಅದೇ ಜಾಗದಲ್ಲಿ ಅದೇ ಆಕಾರದ ಹುಣ್ಣು. ಅಲ್ಲಿ ಇಲಿಯ ಪಾದದ ಮೇಲೆ ಯಂತ್ರದಿಂದ ಮೆಲ್ಲನೆ ತಟ್ಟುವ ಪ್ರಯೋಗ ಮಾಡಿದರು. ಒಂದೇಟಿಗೆ ಏನೂ ಆಗದಷ್ಟು ಸಣ್ಣ ಒತ್ತಡ. ಆದರೆ ದಿನಕ್ಕೆ ಸಾವಿರಾರು ಬಾರಿ, ದಿನವೂ ಅದೇ ಜಾಗಕ್ಕೆ ತಟ್ಟಿದರೆ ಮೊದಲು ಊದಿ ಬಿಸಿಯಾಗಿ, ಆಮೇಲೆ ಹುಣ್ಣಾಗುತ್ತಿತ್ತು. ನಿಮ್ಮ ನಮ್ಮ ಕಾಲಿಗೂ ದಿನಕ್ಕೆ ಅಷ್ಟೇ ಪೆಟ್ಟು ಬೀಳುತ್ತದೆ. ಆದರೆ ನಮಗೆ ಒಂದು ಕಡೆ ಚುರುಕ್ ಎಂದ ಕೂಡಲೇ, ಗೊತ್ತೇ ಆಗದ ಹಾಗೆ, ಕುಂಟಿ ಭಾರವನ್ನು ಬೇರೆ ಕಡೆಗೆ ಹಾಕುತ್ತೇವೆ. ನರ ಸತ್ತವರು ಕುಂಟುವುದಿಲ್ಲ. ಅಂಗೈ ಅಗಲದ ಹುಣ್ಣಿನ ಮೇಲೆ ನೆಟ್ಟಗೆ ನಡೆದು ಬಸ್ಸು ಹತ್ತಿ ಆಸ್ಪತ್ರೆಗೆ ಬರುತ್ತಾರೆ. ಹಾಗೆ ಬರುವುದೇ ರೋಗ.

ಇಂದು ಚರ್ಮದ ಅಂಗಡಿಗಳಲ್ಲೂ ಆಸ್ಪತ್ರೆಗಳಲ್ಲೂ “ಎಂಸಿಆರ್ ಚಪ್ಪಲಿ” ಎಂದು ಸಿಗುವ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆಯ ಮೂಲವೂ ಆ ಕುಷ್ಠರೋಗ ಚಿಕಿತ್ಸೆಯ ಕೆಲಸದಲ್ಲೇ ಇದೆ.

ರಕ್ತ ತಲುಪದಿದ್ದರೆ

ಎರಡನೆಯ ತೊಂದರೆ ರಕ್ತನಾಳದ್ದು. ಮೊಣಕಾಲ ಕೆಳಗಿನ ನಾಳಗಳು ಕಟ್ಟಿಕೊಳ್ಳುವುದು ಸಕ್ಕರೆ ಕಾಯಿಲೆಯಲ್ಲಿ ಹೆಚ್ಚು, ಬೀಡಿ ಸಿಗರೇಟು ಸೇರಿದರೆ ಇನ್ನೂ ಬೇಗ. ಸಾಮಾನ್ಯವಾಗಿ ರಕ್ತ ಕಮ್ಮಿಯಾದರೆ ನಡೆಯುವಾಗ ಮೀನಖಂಡ ಹಿಡಿದುಕೊಂಡು ನೋಯುತ್ತದೆ. ನರವೂ ಹೋಗಿದ್ದರೆ ಆ ಸೂಚನೆಯೂ ಬರುವುದಿಲ್ಲ. ಕಾಲು ತಣ್ಣಗಿರುವುದು, ಕೂದಲು ಉದುರಿ ಚರ್ಮ ಮಿರಮಿರ ಹೊಳೆಯುವುದು, ಬೆರಳ ತುದಿ ಕಪ್ಪಾಗುವುದು, ಇವನ್ನು ಕಣ್ಣೇ ಹಿಡಿಯಬೇಕು.

ಪರೀಕ್ಷೆಯಲ್ಲಿ ಕಾಲಿನ ರಕ್ತದೊತ್ತಡವನ್ನು ಕೈಯ ರಕ್ತದೊತ್ತಡದಿಂದ ಭಾಗಿಸಿ ನೋಡುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಆದರೆ ಶುಗರ್ ಇರುವವರ ನಾಳದ ಗೋಡೆ ಸುಣ್ಣಗಟ್ಟಿ ಪೈಪಿನಂತೆ ಗಡುಸಾಗಿರುವುದರಿಂದ ಈ ಅಂಕಿ ಸುಳ್ಳುಸುಳ್ಳೇ ಚೆನ್ನಾಗಿ ಬರಬಹುದು. 1.3 ಮೀರಿದರೆ ಸಂಶಯಪಡಲೇಬೇಕು. ಆಗ ಹೆಬ್ಬೆರಳಿನ ಒತ್ತಡ ಅಳೆಯುವುದು ಹೆಚ್ಚು ನಂಬಿಕೆಯದು. ಅದು ಪಾದರಸದ ಲೆಕ್ಕದಲ್ಲಿ 30 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಡ್ರೆಸಿಂಗ್ ಮಾಡುತ್ತ ಕಾಯಬಾರದು, ತಡಮಾಡದೆ ರಕ್ತನಾಳದ ತಜ್ಞರ ಕೈಗೆ ಒಪ್ಪಿಸಬೇಕು. ಬಲೂನು ಹಾಕಿ ಅಥವಾ ಬೈಪಾಸ್ ಮಾಡಿ ನಾಳ ತೆರೆದರೆ ತಿಂಗಳುಗಟ್ಟಲೆ ಮಾಯದ ಹುಣ್ಣು ಕೆಂಪೇರಿ ಕೂಡತೊಡಗುತ್ತದೆ. ಬೆರಳು ತೆಗೆಯಬೇಕು ಎಂದು ಯಾರಾದರೂ ಹೇಳಿದರೆ “ಕಾಲಿನ ರಕ್ತ ಓಡಾಟ ನೋಡಿದ್ರಾ?” ಎಂದು ಮನೆಯವರು ಕೇಳಬೇಕು. ಅದು ಉದ್ಧಟತನವಲ್ಲ.

ನಂಜು

ಮಾವನ ವಿಷಯದಲ್ಲಿ ರಕ್ತ ಚೆನ್ನಾಗಿತ್ತು. ಕೆಟ್ಟದ್ದು ಸೋಂಕು.

ಮೊದಲ ಎರಡು ವಾರ ಅತ್ತೆ ಅರಿಶಿನ ಕಲೆಸಿದ ಎಣ್ಣೆ ಹಚ್ಚಿದರು. ನಾನು ಅಂಗಡಿಯಿಂದ ಯಾವುದೋ ಪೌಡರ್ ತಂದುಕೊಟ್ಟೆ. ಪಕ್ಕದ ಮನೆಯವರು ಹೈಡ್ರೋಜನ್ ಪೆರಾಕ್ಸೈಡ್ ತಂದರು, ಸುರಿದಾಗ ನೊರೆ ಉಕ್ಕಿತು, ಕೊಳೆ ಹೋಗುತ್ತಿದೆ ಎಂದು ನಮಗೆಲ್ಲ ಸಮಾಧಾನ. ಆ ನೊರೆ ಕ್ರಿಮಿಯ ಜೊತೆಗೆ ಹೊಸದಾಗಿ ಬೆಳೆಯುತ್ತಿರುವ ಜೀವಕೋಶವನ್ನೂ ಸುಡುತ್ತದೆ. ನೀರು ಬೆರೆಸದ ಡೆಟಾಲೂ ಅಷ್ಟೆ. ಕಾಫಿಪುಡಿ, ಸುಣ್ಣ, ಹೊಗೆಸೊಪ್ಪಿನ ಪುಡಿ ಹಾಕಿದರೆ ಹುಣ್ಣಿನ ತಳ ಕಾಣದ ಹಾಗಾಗುತ್ತದೆ. ಇದರ ಜೊತೆಗೆ ಪಥ್ಯ. ನಂಜು ಏರುತ್ತದೆಂದು ಬದನೆಕಾಯಿ, ಮೊಟ್ಟೆ, ಮೀನು, ಮಾಂಸ ಎಲ್ಲ ಬಂದ್. ಗಾಯ ಕೂಡಲು ಬೇಕಾದ್ದು ಪ್ರೋಟೀನು, ನಾವು ನಿಲ್ಲಿಸಿದ್ದು ಅದನ್ನೇ. ಮೂತ್ರಪಿಂಡದ ತೊಂದರೆ ಇದ್ದವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಉಳಿದವರಿಗೆ ಮೊಟ್ಟೆ, ಬೇಳೆ, ಮೀನು ನಂಜಲ್ಲ.

ಮೂರನೇ ವಾರ, ಇದ್ದಕ್ಕಿದ್ದ ಹಾಗೆ ಶುಗರ್ ಮುನ್ನೂರು ದಾಟಿತು. ಊಟ ಅದೇ, ಮಾತ್ರೆ ಅದೇ. ಜ್ವರ ಇರಲಿಲ್ಲ, ನೋವಂತೂ ಮೊದಲೇ ಇಲ್ಲ. ಕಾಲಲ್ಲಿ ಸೋಂಕು ಒಳಗೊಳಗೇ ಬೆಳೆಯುವಾಗ ಎಷ್ಟೋ ಸಲ ಮೊದಲು ಕಾಣುವುದು ಹೀಗೆ ಕಾರಣವಿಲ್ಲದೆ ಏರಿದ ಶುಗರ್. ಆಮೇಲೆ ಪಾದದ ಮೇಲ್ಭಾಗ ಊದಿತು. ಹುಣ್ಣು ಅಡಿಯಲ್ಲಿ, ಊತ ಮೇಲೆ, ಹಾಗಾಗಿ ಉಳುಕಿರಬೇಕು ಅಂದುಕೊಂಡೆವು. ಪಾದದ ಒಳಗೆ ಸ್ನಾಯು, ತಂತುಗಳ ನಡುವೆ ಇಕ್ಕಟ್ಟಾದ ಕೋಣೆಗಳಿವೆ. ಕೀವು ಹೊರಗೆ ಬರಲು ದಾರಿಯಿಲ್ಲದಾಗ ಆ ಕೋಣೆಗಳಲ್ಲಿ ತುಂಬಿ ತಂತುಗಳ ಗುಂಟ ಹಿಮ್ಮಡಿಯ ಕಡೆ ಹರಿಯುತ್ತದೆ. ಹೊರಗೆ ಹುಣ್ಣು ಎಂಟಾಣೆಯಷ್ಟು, ಒಳಗೆ ಸುರಂಗ.

ಜಿಲ್ಲಾ ಕೇಂದ್ರದ ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ. ಶಸ್ತ್ರವೈದ್ಯರು ಬ್ಲೇಡಿನಿಂದ ಜಡ್ಡುಗಟ್ಟಿದ ಚರ್ಮವನ್ನು ಬಿಲ್ಲೆಬಿಲ್ಲೆಯಾಗಿ ಕೆರೆದು ತೆಗೆದರು. ಅರಿವಳಿಕೆ ಇಲ್ಲ, ಮಾವ ಅಂದಿನ ಪೇಪರ್ ಓದುತ್ತಿದ್ದರು. ಅಡಿಯಿಂದ ಬೂದುಬಣ್ಣದ ಲೋಳೆ, ಸತ್ತ ಮಾಂಸ, ಕೆಟ್ಟ ವಾಸನೆ. ಎಂಟಾಣೆಯ ಹುಣ್ಣು ಹತ್ತು ನಿಮಿಷದಲ್ಲಿ ಲಿಂಬೆಹಣ್ಣಿನ ಹೋಳಿನಷ್ಟಾಯಿತು. “ಇನ್ನೂ ದೊಡ್ಡದು ಮಾಡಿಬಿಟ್ರಲ್ಲ ಡಾಕ್ಟ್ರೇ,” ಎಂದು ಅತ್ತೆ ಅತ್ತರು. ಅವರು ತಲೆಯೆತ್ತದೆ, “ಇದ್ದದ್ದೇ ಇಷ್ಟಮ್ಮ, ನಿಮಗೆ ಕಾಣ್ತಿರ್ಲಿಲ್ಲ ಅಷ್ಟೆ,” ಅಂದರು. ಆಮೇಲೆ ತೆಳ್ಳನೆಯ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲನೆ ಬಿಟ್ಟರು. ಟಿಕ್ ಎಂದು ನಿಂತಿತು. ಸೋಂಕಾದ ಹುಣ್ಣಿನಲ್ಲಿ ಕಡ್ಡಿಗೆ ಎಲುಬು ತಾಗಿದರೆ ಎಲುಬಿಗೂ ಸೋಂಕು ಇಳಿದಿರುವ ಸಂಭವ ಹೆಚ್ಚು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಎಲುಬು ಕೊಳೆತದ್ದು ಎಕ್ಸ್‌ರೇಯಲ್ಲಿ ಕಾಣಲು ಎರಡು ಮೂರು ವಾರ ಬೇಕು. ಅನುಮಾನವಿದ್ದರೆ ಎಂಆರ್‌ಐ ಮಾಡಿಸುತ್ತಾರೆ.

ಕೆರೆದ ಮೇಲೆ ಹುಣ್ಣಿನ ತಳದಿಂದ ಒಂದು ಚೂರು ಮಾಂಸ ತೆಗೆದು, ಕ್ರಿಮಿ ಯಾವುದೆಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರು. ಹತ್ತಿಯಲ್ಲಿ ಮೇಲುಮೇಲೆ ಒರೆಸಿ ಕಳಿಸಿದರೆ ಚರ್ಮದ ಮೇಲಿನ ಯಾವುದೋ ಕ್ರಿಮಿ ಬಂದು ದಾರಿ ತಪ್ಪಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ಈ ಹುಣ್ಣುಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಎಂಬ ಕ್ರಿಮಿ. ನಮ್ಮಂಥ ಬಿಸಿಲು ನಾಡಿನಲ್ಲಿ ಸೂಡೊಮೊನಾಸ್, ಇ-ಕೋಲೈ ಬಗೆಯವೂ ಧಾರಾಳ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಓದಿದ ಮಾತ್ರೆಯೋ, ಅಣ್ಣನಿಗೆ ಬರೆದುಕೊಟ್ಟು ಉಳಿದ ಮಾತ್ರೆಯೋ ನಮಗೆ ಒಗ್ಗುತ್ತದೆ ಎನ್ನುವಂತಿಲ್ಲ.

ಇನ್ನೊಂದು ಮಾತು ಬಹಳ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಸೋಂಕು ಇಲ್ಲದ ಹುಣ್ಣಿಗೆ ಆ್ಯಂಟಿಬಯೊಟಿಕ್ ಬೇಡ. ಎಲ್ಲ ಹುಣ್ಣಿನಲ್ಲೂ ಕ್ರಿಮಿ ಇರುತ್ತದೆ, ಕಲ್ಚರ್ ಮಾಡಿದರೆ ಏನಾದರೂ ಬೆಳೆದೇ ಬೆಳೆಯುತ್ತದೆ. ಸುತ್ತ ಕೆಂಪಾಗುವುದು, ಬಿಸಿ, ಊತ, ನೋವು, ಕೀವು, ಇವುಗಳಲ್ಲಿ ಎರಡಾದರೂ ಕಂಡರೆ ಸೋಂಕು ಎನ್ನುತ್ತಾರೆ. ಮಾಂಸಕ್ಕಷ್ಟೇ ತಗುಲಿದ ಸೋಂಕಿಗೆ ಸಾಮಾನ್ಯವಾಗಿ ಒಂದರಿಂದ ಎರಡು ವಾರದ ಔಷಧಿ ಸಾಕು. ಎಲುಬಿಗೆ ಇಳಿದಿದ್ದು ಆ ಎಲುಬನ್ನು ತೆಗೆಯದೇ ಇದ್ದರೆ ಸುಮಾರು ಆರು ವಾರ. ಹುಣ್ಣು ಪೂರ್ತಿ ಮುಚ್ಚುವವರೆಗೂ ಆ್ಯಂಟಿಬಯೊಟಿಕ್ ನುಂಗಿಸುವುದರಿಂದ ಮಾಯುವುದು ಬೇಗವಾಗುವುದಿಲ್ಲ, ಕ್ರಿಮಿಗಳು ಔಷಧಿಗೆ ಬಗ್ಗದಂತಾಗುತ್ತವೆ. ಕೀವು ಒಳಗಿದ್ದರೆ ಎಷ್ಟು ದುಬಾರಿ ಇಂಜೆಕ್ಷನ್ ಕೊಟ್ಟರೂ ಕೊಯ್ದು ಹೊರಗೆ ಬಿಡದೆ ಗತಿಯಿಲ್ಲ. ಅದಕ್ಕೆ ತಡವಾದಷ್ಟೂ ಕಾಲನ್ನು ಇನ್ನಷ್ಟು ಮೇಲಿಂದ ಕತ್ತರಿಸಬೇಕಾಗುತ್ತದೆ.

ಮಾವನಿಗೆ ಎರಡನೇ ಬೆರಳನ್ನೂ ಅದರ ಬುಡದ ಎಲುಬನ್ನೂ ತೆಗೆದರು. “ಒಂದು ಬೆರಳು ತೆಗೆಸಿದ್ರೆ ಆಮೇಲೆ ಕಾಲೇ ತೆಗೀತಾರೆ” ಎಂಬ ಮಾತು ವಾರ್ಡಿನಲ್ಲಿ ಓಡಾಡುತ್ತಿತ್ತು. ಆ ಭಯಕ್ಕೆ ಎಷ್ಟೋ ಜನ ಡಿಸ್ಚಾರ್ಜ್ ಮಾಡಿಸಿಕೊಂಡು ಊರಿಗೆ ಹೋಗಿ, ತಿಂಗಳ ಮೇಲೆ ಮೊಣಕಾಲವರೆಗೆ ಕಪ್ಪಾದ ಕಾಲು ಹೊತ್ತು ಬರುತ್ತಾರೆ. ಆಗ ಆ ಮಾತು ನಿಜವಾದಂತೆ ಕಾಣುತ್ತದೆ.

ಹುಣ್ಣಿನ ಮೇಲೆ ನಿಲ್ಲಬೇಡಿ

ಕೀವು ಹೋಯಿತು, ರಕ್ತ ಇದೆ. ಇನ್ನು ಭಾರ ತೆಗೆಯಬೇಕು. ನನ್ನ ಅನುಭವದಲ್ಲಿ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಕಡಿಮೆ ಮಾತಾಡುವ, ಅತ್ಯಂತ ಹೆಚ್ಚು ಕೆಲಸ ಮಾಡುವ ಭಾಗ ಇದು. ವೈದ್ಯರು ಆಫ್‌ಲೋಡಿಂಗ್ ಎನ್ನುತ್ತಾರೆ. ಅಂಗಾಲಿನ ಹುಣ್ಣಿಗೆ ಎಷ್ಟೇ ಬೆಲೆಯ ಡ್ರೆಸಿಂಗ್ ಹಾಕಿ, ಅದರ ಮೇಲೆ ನಡೆದು ಬಚ್ಚಲಿಗೆ ಹೋಗಿಬಂದರೆ ಅಂದಿನ ದುಡ್ಡು ದಂಡ.

ಇದಕ್ಕೆ ಇಂದಿಗೂ ಮೊದಲ ಸಾಲಿನಲ್ಲಿ ನಿಲ್ಲುವುದು ಪಾದದಿಂದ ಮೊಣಕಾಲ ಕೆಳಗಿನವರೆಗೆ ಅಂಟಿದಂತೆ ಹಾಕುವ ಪ್ಲಾಸ್ಟರ್ ಅಥವಾ ಅಂಥದ್ದೇ ಬಿಚ್ಚಲಾಗದ ಬೂಟು. ಕುಷ್ಠರೋಗಿಗಳ ಹುಣ್ಣಿಗೆಂದು ಬೆಳೆದ ಈ ವಿಧಾನವನ್ನು ಸಕ್ಕರೆ ಕಾಯಿಲೆಗೂ ಒಯ್ದವರಲ್ಲಿ ಬ್ರಾಂಡ್ ಮುಖ್ಯರು. ಭಾರ ಹುಣ್ಣಿನ ಜಾಗದಿಂದ ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚಿಹೋಗುತ್ತದೆ. ರಕ್ತ ಸರಿಯಿರುವ ಅಂಗಾಲಿನ ಹುಣ್ಣು ಇದರಲ್ಲಿ ಹೆಚ್ಚಾಗಿ ಆರೆಂಟು ವಾರದಲ್ಲಿ ಮಾಯುತ್ತದೆ. ಬಿಚ್ಚುವ ಬೂಟು ಕೊಟ್ಟರೆ ಆಗದೇ? ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗಿಗಳ ಸೊಂಟಕ್ಕಲ್ಲದೆ, ಅವರಿಗೆ ತಿಳಿಯದಂತೆ ಬೂಟಿನೊಳಗೂ ಹೆಜ್ಜೆ ಎಣಿಸುವ ಸಾಧನ ಇಟ್ಟು ನೋಡಿತು. ಅವರು ಇಟ್ಟ ಹೆಜ್ಜೆಗಳಲ್ಲಿ ಬೂಟು ಹಾಕಿಕೊಂಡು ಇಟ್ಟದ್ದು ನೂರಕ್ಕೆ 28 ಮಾತ್ರ. ಉಳಿದದ್ದೆಲ್ಲ ಬೂಟು ಬಿಚ್ಚಿಟ್ಟು ಇಟ್ಟದ್ದು. ಬಿಚ್ಚಲಾಗದಿರುವುದೇ ಪ್ಲಾಸ್ಟರಿನ ಔಷಧಿ.

ಕೀವು ತುಂಬಿರುವಾಗ, ರಕ್ತ ತೀರಾ ಕಮ್ಮಿಯಿರುವಾಗ ಇದನ್ನು ಹಾಕುವಂತಿಲ್ಲ. ಗೊತ್ತಿದ್ದವರೇ ಹಾಕಬೇಕು, ಇಲ್ಲವಾದರೆ ಪ್ಲಾಸ್ಟರೇ ಹೊಸ ಹುಣ್ಣು ಮಾಡುತ್ತದೆ. ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದದ ಚಿಕಿತ್ಸೆಗೇ ಒಂದು ವಿಭಾಗವಿದೆ. ಎಲ್ಲ ಜಿಲ್ಲೆಗಳಲ್ಲೂ ಅಂಥದ್ದೊಂದು ಬೇಕು. ಸದ್ಯಕ್ಕೆ ಹೆಚ್ಚಿನವರಿಗೆ ಸಿಗುವುದು ಫೆಲ್ಟ್ ಅಂಟಿಸಿದ ಪ್ಯಾಡು, ಊರುಗೋಲು, ವಾಕರ್. ಅದನ್ನೂ ನಿಷ್ಠೆಯಿಂದ ಬಳಸಿದರೆ ಉಪಯೋಗವಿದೆ.

ಡ್ರೆಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋರುವ ಹುಣ್ಣಿಗೆ ಹೀರುವಂಥದ್ದು, ಒಣಗಿದ್ದಕ್ಕೆ ತೇವ ಕಾಯುವಂಥದ್ದು, ಸಲೈನಿನಲ್ಲಿ ತೊಳೆದು ಶುದ್ಧ ಗಾಜ್ ಕಟ್ಟಿದರೂ ನಡೆದೀತು. ಜೇನು, ಬೆಳ್ಳಿ ಬೆರೆತ ಮುಲಾಮು ಹುಣ್ಣನ್ನು ಬೇಗ ಮಾಯಿಸುತ್ತವೆಂದು ಬಳಸುವುದನ್ನು ಪಾದದ ತಜ್ಞರ ಅಂತರರಾಷ್ಟ್ರೀಯ ಗುಂಪಿನ 2023ರ ಮಾರ್ಗಸೂಚಿ ಒಪ್ಪುವುದಿಲ್ಲ. ವಾರವಾರ ಹುಣ್ಣಿನ ಉದ್ದ ಅಗಲ ಅಳೆದು ಬರೆದಿಡುವುದು ಅದಕ್ಕಿಂತ ಮೇಲು. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಭಾರ, ರಕ್ತ, ಎಲುಬು ಮೂರನ್ನೂ ಮತ್ತೆ ಮೊದಲಿಂದ ನೋಡಬೇಕು.

ಹುಣ್ಣೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಗೆ ಬಿಸಿಯಾಗಿ ಊದಿದರೂ ಸುಮ್ಮನಿರಬೇಡಿ. ನರ ಸತ್ತ ಪಾದದ ಎಲುಬುಗಳು ಒಳಗೇ ಮುರಿದು ಕುಸಿಯುವ ಶಾರ್ಕೊ ಪಾದ ಎಂಬ ಸ್ಥಿತಿ ಅದಾಗಿರಬಹುದು. ಉಳುಕು ಎಂದು ನೀವಿಸಿಕೊಂಡು ನಡೆದಾಡಿದರೆ ಅಂಗಾಲಿನ ಕಮಾನು ಕುಸಿದು ಪಾದ ದೋಣಿಯ ತಳದಂತೆ ಕೆಳಕ್ಕೆ ಉಬ್ಬುತ್ತದೆ, ಆ ಉಬ್ಬಿನ ಮೇಲೆ ಹುಣ್ಣು. ಬೇಗ ಪ್ಲಾಸ್ಟರ್ ಬಿದ್ದರೆ ಆಕಾರ ಉಳಿಯುವ ಸಂಭವ ಹೆಚ್ಚು.

ಮಾಯ್ದ ಮೇಲೆ

ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮತ್ತೆ ಬರುವುದು ನೂರಕ್ಕೆ ಸುಮಾರು 40 ಜನಕ್ಕೆ. ನರ ಮೊದಲಿನಂತಾಗಿಲ್ಲ, ಬೆರಳು ನೆಟ್ಟಗಾಗಿಲ್ಲ, ಬರದೆ ಏನು ಮಾಡೀತು? ಶುಗರ್ ಹತೋಟಿಗೆ ಬಂದರೆ ನರದ ಕೇಡು ನಿಧಾನವಾಗಬಹುದು, ಹೋದ ಸ್ಪರ್ಶ ಸಾಮಾನ್ಯವಾಗಿ ವಾಪಸ್ಸು ಬರುವುದಿಲ್ಲ. ಹಾಗಾಗಿ ಒಮ್ಮೆ ಹುಣ್ಣಾದವರು, ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಸ್ಪರ್ಶವೋ ರಕ್ತವೋ ಕಮ್ಮಿಯಾದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದ ತೋರಿಸಬೇಕು. ಬರೀ ಶುಗರ್ ಇದ್ದು ಪಾದ ಚೆನ್ನಾಗಿರುವವರಿಗೆ ವರ್ಷಕ್ಕೊಮ್ಮೆ ಸಾಕು. ಶುಗರ್ ಪರೀಕ್ಷೆಗೆ ಹೋದಾಗ ನಾವು ರಕ್ತ ಕೊಟ್ಟು ಚೀಟಿ ಪಡೆದು ಬರುತ್ತೇವೆ, ಚಪ್ಪಲಿ ಬಿಚ್ಚಿ ಪಾದ ತೋರಿಸುವುದೇ ಇಲ್ಲ. ಕೇಳದಿದ್ದರೂ ಬಿಚ್ಚಿ ಮುಂದಿಡಿ.

ಹವಾಯಿ ಚಪ್ಪಲಿ ಮೊದಲು ಬಿಡಬೇಕು. ಹೆಬ್ಬೆರಳ ಸಂದಿಯ ಪಟ್ಟಿ ಚರ್ಮ ಕೊರೆಯುತ್ತದೆ, ಜಾರಿ ಹೋಗದಂತೆ ಬೆರಳು ಮಡಚಿ ಹಿಡಿಯಬೇಕಾಗುತ್ತದೆ. ಹಿಂದೆ ಪಟ್ಟಿ ಇರುವ, ಮುಂದೆ ಅಗಲವಾದ, ಒಳಗೆ ಮೆತ್ತಗೆ ಅಡಿಗೆ ಗಟ್ಟಿಯಿರುವ ಪಾದರಕ್ಷೆ ಬೇಕು, ಮನೆಯೊಳಗೂ. ಹೊಸ ಚಪ್ಪಲಿಯನ್ನು ಸಂಜೆ ಕೊಳ್ಳಿ, ಕಾಲು ಆಗ ಸ್ವಲ್ಪ ಊದಿರುತ್ತದೆ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಹಾಕಿ ಬಿಚ್ಚಿ, ಕೆಂಪಾಗಿದೆಯೇ ನೋಡಿ.

ಹೆಂಗಸರ ಕಾಲುಂಗುರದ ಬಗ್ಗೆ ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ತೆಗೆಯದ ಬಿಗಿ ಉಂಗುರದ ಅಡಿಯಲ್ಲಿ ಹುಣ್ಣಾಗಿ, ಬೆರಳು ಊದಿದ ಮೇಲೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಸಡಿಲ ಮಾಡಿಸಿ, ಸ್ನಾನದಲ್ಲಿ ಸರಿಸಿ ಅಡಿ ನೋಡಿಕೊಳ್ಳಿ, ಸ್ಪರ್ಶ ಹೋಗಿದ್ದರೆ ತೆಗೆದಿಡಿ. ಗಂಡನ ಆಯುಷ್ಯಕ್ಕೇನೂ ಕುಂದಿಲ್ಲ.

ದೇವಸ್ಥಾನದ ಪ್ರಾಕಾರದ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದ ಹೆಂಚು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುವವರು ಸಾಕ್ಸ್ ಹಾಕಿಕೊಳ್ಳುತ್ತಾರಲ್ಲ, ಆ ಉಪಾಯವನ್ನು ಎಲ್ಲ ಕಡೆಗೂ ಒಯ್ಯಿರಿ, ಬೆಳಗ್ಗೆಯೋ ಸಂಜೆಯೋ ಹೋಗಿ. ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಬರಿಗಾಲ ಪಾದಯಾತ್ರೆಯ ಹರಕೆ ಸ್ಪರ್ಶ ಸತ್ತ ಕಾಲಿಗೆ ಬೇಡ. ಮಲೆನಾಡಿನ ಚಳಿಯಲ್ಲಿ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುವುದು, ಬಸ್ಸಿನ ಇಂಜಿನ್ ಪಕ್ಕದ ಸೀಟು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸುವುದು, ಎಲ್ಲದರ ಫಲ ಒಂದೇ, ಬೊಬ್ಬೆ ಎದ್ದ ಮೇಲೆ ತಿಳಿಯುವ ಸುಟ್ಟಗಾಯ. ನೀರಿನ ಬಿಸಿ ನೋಡಬೇಕಾದದ್ದು ಮೊಣಕೈಯಿಂದ, ಅದೂ ಸಾಧ್ಯವಾದರೆ ಮನೆಯ ಬೇರೊಬ್ಬರು. ಆಣಿಗೆ ಅಂಗಡಿಯಲ್ಲಿ ಸಿಗುವ ಪಟ್ಟಿಯಲ್ಲಿರುವುದು ಆಸಿಡ್, ಅಂಟಿಸಬೇಡಿ. ಬ್ಲೇಡಿನಿಂದ ನೀವೇ ಕೆರೆಯಲೂ ಬೇಡಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಒಳ್ಳೆಯದು, ಬೆರಳ ಸಂದಿಗೆ ಬೇಡ. ಅಲ್ಲಿ ತೇವ ನಿಂತರೆ ಕೆಸರುಹುಣ್ಣು.

ಗಾಯ ಕಂಡರೆ ಶುದ್ಧ ನೀರಲ್ಲಿ ತೊಳೆದು, ಗಾಜ್ ಮುಚ್ಚಿ, ಆ ಕಾಲು ಊರದೆ, ಒಂದು ದಿನದೊಳಗೆ ವೈದ್ಯರ ಹತ್ತಿರ ಹೋಗಿ. ಕೆಂಪು ಹರಡುತ್ತಿದ್ದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಹೊರಡಿ.

ಮಾವನ ಕಾಲು ಮಾಯ್ದು ಹದಿನಾಲ್ಕು ತಿಂಗಳಾಯಿತು. ಎಂಸಿಆರ್ ಚಪ್ಪಲಿ ಕಂಡು ಮೊದಲು “ಇದೇನು ಆಸ್ಪತ್ರೆಯವರ ಹಾಗೆ” ಎಂದು ಮುಖ ಸಿಂಡರಿಸಿದ್ದರು, ಈಗ ತೋಟಕ್ಕೂ ಅದೇ. ರಾತ್ರಿ ಊಟವಾದ ಮೇಲೆ ಅತ್ತೆ ಮೊಬೈಲ್ ಟಾರ್ಚ್ ಹಾಕಿಕೊಂಡು ಅವರ ಅಂಗಾಲು, ಬೆರಳ ಸಂದಿ ಎಲ್ಲ ನೋಡುತ್ತಾರೆ. ಅತ್ತೆ ಊರಲ್ಲಿಲ್ಲದ ದಿನ ಗಡ್ಡದ ಕನ್ನಡಿಯನ್ನು ನೆಲದ ಮೇಲಿಟ್ಟು ಅವರೇ ನೋಡಿಕೊಳ್ಳುತ್ತಾರೆ. ಹೋದ ವಾರ ನಾನು ಅಲ್ಲಿದ್ದೆ. ಅತ್ತೆ ಎಂದಿನಂತೆ ಚಪ್ಪಲಿಯೊಳಗೆ ಕೈಹಾಕಿ ಸವರಿ, ಕಂಬಕ್ಕೆ ಎರಡು ಸಲ ಬಡಿದರು. ಒಂದು ಹುಣಸೆ ಬೀಜ ಟಪ್ಪೆಂದು ಬಿತ್ತು.

“ಎಷ್ಟು ಹೊತ್ತಿಂದ ಇತ್ತೋ,” ಅಂದರು ಮಾವ.

ಅತ್ತೆ ಅದನ್ನು ಅಂಗಳಕ್ಕೆ ಎಸೆದು, ಟಾರ್ಚ್ ಹಾಕಿ, “ಕಾಲು ಕೊಡಿ ಇಲ್ಲಿ,” ಅಂದರು.